ಅರ್ಧ ಅಂದರೆ ಯಾವುದರ ಅರ್ಧ? ಕರೆಂಟಿನ ನೀತಿ ಮತ್ತು ಅದರ ಹಿಂದಿನ ಲೆಕ್ಕ

2025ರ ಜುಲೈನಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ದೊಡ್ಡದಾಗಿ ಬಂತು. ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಈಗ ಕಲ್ಲಿದ್ದಲು, ಗ್ಯಾಸ್, ಡೀಸೆಲ್ ಬಿಟ್ಟು ಬೇರೆ ಮೂಲಗಳದ್ದು. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದೇವೆ. ಇದು ಸುದ್ದಿ.

ನಮ್ಮ ಬೀದಿಯ ಕೊನೆಯಲ್ಲಿ ಹಿಟ್ಟಿನ ಗಿರಣಿ ಇದೆ. ರಾಗಿ ಬೀಸಿಸಲು ಹೋದಾಗ ಗಿರಣಿ ಅಣ್ಣ ಆ ಪೇಪರನ್ನೇ ಹಿಡಿದು ಕೂತಿದ್ದರು. "ಅಲ್ಲಾ ಸಾರ್, ಅರ್ಧ ಕರೆಂಟು ಬಿಸಿಲು, ಗಾಳಿ, ನೀರಿಂದಾನೇ ಬರ್ತಿದೆ ಅಂತಾರೆ. ಮತ್ತೆ ರಾಯಚೂರಿಗೆ ಕಲ್ಲಿದ್ದಲು ರೈಲು ಹೋಗೋದು ನಿಂತೇ ಇಲ್ಲವಲ್ಲ?"

ಸುದ್ದಿ ಸುಳ್ಳಲ್ಲ, ಅಣ್ಣನ ಅನುಮಾನವೂ ಸುಳ್ಳಲ್ಲ. ಸುಮಾರು 4.85 ಲಕ್ಷ ಮೆಗಾವ್ಯಾಟ್ ಸಾಮರ್ಥ್ಯದಲ್ಲಿ 2.43 ಲಕ್ಷ ಮೆಗಾವ್ಯಾಟ್ ಪಳೆಯುಳಿಕೆ ಇಂಧನ ಬಳಸದ್ದು. ಆದರೆ ವರ್ಷವಿಡೀ ನಾವು ನಿಜವಾಗಿ ಬಳಸುವ ಕರೆಂಟಿನಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಹಾಗಾದರೆ 'ಅರ್ಧ' ಅಂದದ್ದು ಯಾವುದರ ಅರ್ಧ? ಈ ಪ್ರಶ್ನೆ ಕೇಳುವುದು, ಕೇಳಿ ಉತ್ತರವನ್ನು ಸಂಖ್ಯೆಯಲ್ಲಿ ಕೊಡುವುದು, ಇದೇ ಇಂಧನ ಮತ್ತು ಹವಾಮಾನ ನೀತಿಯಲ್ಲಿ ಲೆಕ್ಕ ಹಾಕುವವರ ಕೆಲಸ. ಅವರಲ್ಲಿ ಎಂಜಿನಿಯರುಗಳಿದ್ದಾರೆ, ಅರ್ಥಶಾಸ್ತ್ರಜ್ಞರಿದ್ದಾರೆ, ಅಂಕಿಅಂಶ ತಜ್ಞರಿದ್ದಾರೆ. ಮಂತ್ರಿಗಳು ಸಹಿ ಹಾಕುವ ಕಾಗದದ ಹಿಂದೆ ಇವರ ಒಂದು ಕೋಷ್ಟಕ ಇದ್ದೇ ಇರುತ್ತದೆ. ನಮ್ಮ ಬಿಲ್ಲಿನ ದರವೂ ಅಲ್ಲಿಂದಲೇ ಹೊರಡುತ್ತದೆ.

## ನಲ್ಲಿಯ ದಪ್ಪ ಬೇರೆ, ಬಿಂದಿಗೆಯ ನೀರು ಬೇರೆ

ಗಿರಣಿ ಅಣ್ಣನ ಬಿಲ್ಲಿನಿಂದಲೇ ಶುರು ಮಾಡೋಣ. ಅವರ ಮೋಟಾರು 10 ಎಚ್‌ಪಿಯದು, ಅಂದರೆ ಸುಮಾರು 7.5 ಕಿಲೋವ್ಯಾಟ್. ಅದು ನಾಲ್ಕು ಗಂಟೆ ಪೂರ್ತಿ ಓಡಿದರೆ 30 ಯೂನಿಟ್ ಆಗುತ್ತದೆ. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದ್ದು, ಅಷ್ಟೇ. ಬಿಲ್ಲಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಸಾಲಿದೆ. ಮಂಜೂರಾದ ಲೋಡಿಗೆ ನಿಗದಿತ ಶುಲ್ಕ, ಬಳಸಿದ ಯೂನಿಟ್ಟಿಗೆ ಬೇರೆ ಶುಲ್ಕ. ಗಿರಣಿ ಬಾಗಿಲು ಹಾಕಿ ತಿಂಗಳಿಡೀ ಊರಿಗೆ ಹೋದರೂ ಮೊದಲಿನದ್ದು ತಪ್ಪುವುದಿಲ್ಲ.

ಕಿಲೋವ್ಯಾಟ್ ಎಂಬುದು ನಲ್ಲಿ ಎಷ್ಟು ದಪ್ಪ ಎನ್ನುವ ಲೆಕ್ಕ. ಯೂನಿಟ್ ಎಂಬುದು ಎಷ್ಟು ಬಿಂದಿಗೆ ತುಂಬಿತು ಎನ್ನುವ ಲೆಕ್ಕ. ದಪ್ಪ ನಲ್ಲಿ ಇದ್ದೂ ದಿನಕ್ಕೆ ಐದೇ ಗಂಟೆ ನೀರು ಬಂದರೆ, ಸಣ್ಣ ನಲ್ಲಿಯಲ್ಲಿ ಇಡೀ ದಿನ ನೀರು ಬರುವ ಪಕ್ಕದ ಮನೆಯಲ್ಲೇ ಬಿಂದಿಗೆ ಜಾಸ್ತಿ ತುಂಬಬಹುದು.

ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ಸುಮಾರು 13 ಸಾವಿರ ಎಕರೆಯಲ್ಲಿದೆ. ಸಾಮರ್ಥ್ಯ 2,050 ಮೆಗಾವ್ಯಾಟ್. ಕೈಗಾ ಅಣುಸ್ಥಾವರದ ನಾಲ್ಕು ಘಟಕ ಸೇರಿ 880 ಮೆಗಾವ್ಯಾಟ್. ಬರೀ ಈ ಸಂಖ್ಯೆ ನೋಡಿದರೆ ಪಾವಗಡ ಎರಡು ಪಟ್ಟಿಗಿಂತ ದೊಡ್ಡದು. ಆದರೆ ರಾತ್ರಿ ಬಿಸಿಲಿಲ್ಲ, ಬೆಳಗ್ಗೆ-ಸಂಜೆ ಬಿಸಿಲು ಓರೆ, ಮಳೆಗಾಲದಲ್ಲಿ ಮೋಡ. ಹಾಗಾಗಿ ಸೋಲಾರ್ ಫಲಕಗಳು ಸರಾಸರಿ ತಮ್ಮ ಪೂರ್ತಿ ಸಾಮರ್ಥ್ಯದ ಐದನೇ ಒಂದು ಪಾಲಿನ ಆಸುಪಾಸಿನಲ್ಲೇ ಕೆಲಸ ಮಾಡುತ್ತವೆ. ಅದನ್ನು ಶೇ 20 ಎಂದುಕೊಂಡರೆ ಪಾವಗಡದಿಂದ ದಿನಕ್ಕೆ 98 ಲಕ್ಷ ಯೂನಿಟ್. ಕೈಗಾ ಶೇ 85ರಷ್ಟು ಓಡಿತು ಎಂದುಕೊಂಡರೆ ದಿನಕ್ಕೆ 1.8 ಕೋಟಿ ಯೂನಿಟ್. ತಕ್ಕಡಿ ಮಗುಚಿತು ನೋಡಿ.

ಇದರಿಂದ ಸೋಲಾರ್ ಕೆಟ್ಟದ್ದು, ಅಣು ಒಳ್ಳೆಯದು ಎಂದೇನೂ ಆಗುವುದಿಲ್ಲ. ಖರ್ಚು, ಕಟ್ಟಲು ಬೇಕಾದ ವರ್ಷ, ಅಪಾಯ ಎಲ್ಲ ಬೇರೆಯೇ ಲೆಕ್ಕ. ಮೆಗಾವ್ಯಾಟನ್ನು ಮೆಗಾವ್ಯಾಟಿನ ಪಕ್ಕ ಇಟ್ಟು ಹೋಲಿಸಿದರೆ ಸಾಲದು ಎನ್ನುವುದಷ್ಟೇ ಇಲ್ಲಿನ ಮಾತು. ದೇಶದ 'ಅರ್ಧ' ಕೂಡ ಇದೇ ಕತೆ. ಅರ್ಧದಷ್ಟು ಹಸಿರು ನಲ್ಲಿಗಳಿವೆ, ಬಿಂದಿಗೆ ಇನ್ನೂ ಅರ್ಧ ತುಂಬಿಲ್ಲ.

## ಹದಿನೈದು ನಿಮಿಷಕ್ಕೊಂದು ಲೆಕ್ಕ

ಕರೆಂಟನ್ನು ರಾಗಿಯ ಹಾಗೆ ಮೂಟೆ ಕಟ್ಟಿ ಇಡಲಾಗುವುದಿಲ್ಲ. ಬ್ಯಾಟರಿ ಇದೆ, ಆದರೆ ಇಡೀ ರಾಜ್ಯಕ್ಕೆ ಸಾಲುವಷ್ಟು ಇಲ್ಲ. ಈ ಕ್ಷಣ ಎಷ್ಟು ಬಳಕೆಯೋ ಈ ಕ್ಷಣ ಅಷ್ಟೇ ಉತ್ಪಾದನೆ ಆಗಬೇಕು. ಅದಕ್ಕೆ ನಮ್ಮ ದೇಶದಲ್ಲಿ ಒಂದು ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿದ್ದಾರೆ. ನಾಳೆಯ ಒಂದೊಂದು ತುಂಡಿಗೂ ಬೇಡಿಕೆ ಎಷ್ಟು, ಯಾವ ಸ್ಥಾವರ ಎಷ್ಟು ಕೊಡಬೇಕು ಎಂದು ಇವತ್ತೇ ಅಂದಾಜು ಮಾಡುತ್ತಾರೆ.

ಅಂದಾಜು ಸರಿ ಇದೆಯೋ ಇಲ್ಲವೋ ಎಂದು ಹೇಳುವ ಮುಳ್ಳು ಒಂದಿದೆ, ಆವರ್ತನ. ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎನ್ನುವುದು. ನಮ್ಮ ಗ್ರಿಡ್ಡಿನಲ್ಲಿ, ಅಂದರೆ ಸ್ಥಾವರಗಳನ್ನೂ ಮನೆಗಳನ್ನೂ ಜೋಡಿಸುವ ತಂತಿಜಾಲದಲ್ಲಿ, ಅದು 50 ಹರ್ಟ್ಸ್ ಇರಬೇಕು. ಬಳಕೆ ಜಾಸ್ತಿಯಾದರೆ ಮುಳ್ಳು ಕೆಳಗಿಳಿಯುತ್ತದೆ, ಉತ್ಪಾದನೆ ಜಾಸ್ತಿಯಾದರೆ ಮೇಲೇರುತ್ತದೆ. ಗಿರಣಿಯಲ್ಲಿ ಒಮ್ಮೆಲೇ ಜಾಸ್ತಿ ಕಾಳು ಸುರಿದರೆ ಮೋಟಾರು 'ಹೂಂ' ಎಂದು ದನಿ ತಗ್ಗಿಸುತ್ತದಲ್ವಾ, ಹಾಗೆ.

2012ರ ಜುಲೈ 30ರಂದು ಉತ್ತರದ ಗ್ರಿಡ್ ಕುಸಿಯಿತು, 31ರಂದು ಉತ್ತರದ ಜೊತೆ ಪೂರ್ವ, ಈಶಾನ್ಯದ್ದೂ ಕುಸಿದು ಅರ್ಧ ದೇಶ ಕತ್ತಲಾಯಿತು. ಎರಡನೇ ದಿನ 60 ಕೋಟಿಯಷ್ಟು ಜನರ ರಾಜ್ಯಗಳಿಗೆ ಕರೆಂಟು ಹೋಯಿತು. ಕರ್ನಾಟಕದಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ನಾವು ಜಾಣರು ಅಂತಲ್ಲ. ದಕ್ಷಿಣದ ಗ್ರಿಡ್ಡು ಆಗ ಉಳಿದ ದೇಶದ ಜೊತೆ ಒಂದೇ ತಾಳಕ್ಕೆ ಸೇರಿರಲಿಲ್ಲ. ಸೇರಿದ್ದು 2013ರ ಡಿಸೆಂಬರ್ 31ಕ್ಕೆ, ರಾಯಚೂರು–ಸೊಲ್ಲಾಪುರ ಮಾರ್ಗ ಚಾಲೂ ಆದಾಗ.

ಸೋಲಾರ್ ಬಂದ ಮೇಲೆ ಈ 96 ತುಂಡುಗಳ ಲೆಕ್ಕ ಇನ್ನೂ ಬಿಗಿಯಾಯಿತು. ಮಧ್ಯಾಹ್ನ ಕರೆಂಟು ಧಾರಾಳ. ಸಂಜೆ ಆರೂವರೆಗೆ ಬಿಸಿಲು ಹೋಗುತ್ತದೆ, ಅದೇ ಹೊತ್ತಿಗೆ ಮನೆ ಮನೆಯಲ್ಲಿ ದೀಪ, ಟಿವಿ, ಮಿಕ್ಸಿ ಶುರು. ಆ ಒಂದೆರಡು ಗಂಟೆಯಲ್ಲಿ ಸಾವಿರಾರು ಮೆಗಾವ್ಯಾಟನ್ನು ಬೇರೆ ಕಡೆಯಿಂದ ಎಬ್ಬಿಸಿ ತರಬೇಕು. ಕಲ್ಲಿದ್ದಲ ಬಾಯ್ಲರು ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಶರಾವತಿಯ ಟರ್ಬೈನಿಗೆ ನೀರು ಬಿಟ್ಟರೆ ಕೆಲವೇ ನಿಮಿಷ ಸಾಕು. ಹಾಗಾಗಿ ಈಗ ಎಷ್ಟು ಯೂನಿಟ್ ಎನ್ನುವುದರ ಜೊತೆಗೆ ಯಾವ ಹೊತ್ತಿನ ಯೂನಿಟ್ ಎನ್ನುವುದಕ್ಕೂ ಬೆಲೆ ಬಂದಿದೆ.

## ಒಂದೇ ರಾಜ್ಯ, ಎರಡು ಲೆಕ್ಕ

ಲೆಕ್ಕ ಹಾಕುವವರು ನೀತಿಯನ್ನು ಎಷ್ಟರಮಟ್ಟಿಗೆ ತಿರುಗಿಸಬಲ್ಲರು? ಇದಕ್ಕೆ ಒಂದು ಒಳ್ಳೆಯ ಉದಾಹರಣೆ ನಮ್ಮ ಮನೆ ಬಾಗಿಲಲ್ಲೇ ಇದೆ.

1980ರ ದಶಕದಲ್ಲಿ ಕರ್ನಾಟಕಕ್ಕೆ ಕರೆಂಟಿನ ಬರ. 1987ರಲ್ಲಿ ಸರ್ಕಾರದ ಒಂದು ಸಮಿತಿ ಮುಂದಿನ ವರ್ಷಗಳಿಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿತು. ಹಿಂದಿನ ವರ್ಷಗಳಲ್ಲಿ ಬೇಡಿಕೆ ಹೇಗೆ ಏರಿದೆಯೋ ಆ ಗೆರೆಯನ್ನೇ ಮುಂದಕ್ಕೆ ಎಳೆಯುವ ದಾರಿ ಅದು. 2000ನೇ ಇಸವಿಗೆ ವರ್ಷಕ್ಕೆ ಸುಮಾರು 4,750 ಕೋಟಿ ಯೂನಿಟ್, 9,400 ಮೆಗಾವ್ಯಾಟ್ ಬೇಕು ಎಂಬ ಉತ್ತರ ಬಂತು. ಅಷ್ಟು ಸ್ಥಾವರ ಕಟ್ಟಲು ರಾಜ್ಯದ ಬಳಿ ದುಡ್ಡಿರಲಿಲ್ಲ. ಕಟ್ಟಿದರೂ ಕೊರತೆ ತೀರುವುದಿಲ್ಲ ಎಂದೂ ಆ ಲೆಕ್ಕವೇ ಹೇಳುತ್ತಿತ್ತು!

ಇಂಥ ಅಂದಾಜಿನಲ್ಲಿ ಬೆಳವಣಿಗೆಯ ದರ ಎನ್ನುವುದು ಚಕ್ರಬಡ್ಡಿ ಇದ್ದ ಹಾಗೆ. 1987ರಲ್ಲಿ 100 ಇದ್ದದ್ದು ವರ್ಷಕ್ಕೆ ಶೇ 5ರಂತೆ ಬೆಳೆದರೆ 2000ಕ್ಕೆ 189 ಆಗುತ್ತದೆ. ಶೇ 9ರಂತೆ ಬೆಳೆದರೆ 307. ಮೇಜಿನ ಮೇಲೆ ಒಂದು ಅಂಕಿ ಐದೋ ಒಂಬತ್ತೋ ಎನ್ನುವುದು ಸಣ್ಣ ವಿಷಯ ಅನ್ನಿಸುತ್ತದೆ. ಹದಿಮೂರು ವರ್ಷದಲ್ಲಿ ಅದೇ ಒಂದು ಕಣಿವೆ ಮುಳುಗಬೇಕೋ ಬೇಡವೋ ಎನ್ನುವ ಪ್ರಶ್ನೆಯಾಗಿ ನಿಲ್ಲುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವಲ್ಲಿ, ಅಮೂಲ್ಯ ರೆಡ್ಡಿ ಎಂಬ ವಿಜ್ಞಾನಿ ಇದ್ದರು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದ ಹಿಂದೆ ಇದ್ದವರು ಅವರೇ. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ನಮ್ಮ ಎಷ್ಟೋ ಅಡುಗೆಮನೆಗಳಿಗೆ ಬಂದದ್ದು ಅಲ್ಲಿಂದ. ಅವರು ಮತ್ತು ಅವರ ಜೊತೆಗಾರರು ಲೆಕ್ಕವನ್ನು ತುದಿಯಿಂದ ಶುರು ಮಾಡಿದರು. ಜನರಿಗೆ ಯೂನಿಟ್ ಬೇಕಿಲ್ಲ ಸ್ವಾಮಿ, ಬೇಕಿರುವುದು ಬೆಳಕು, ಬೇಯಿಸಿದ ಅನ್ನ, ಬಿಸಿನೀರು, ಹೊಲಕ್ಕೆ ನೀರು. ಇವೆಲ್ಲ ಎಷ್ಟು ಮನೆಗೆ, ಎಷ್ಟು ಹೊಲಕ್ಕೆ ಬೇಕು ಎಂದು ಮೊದಲು ಎಣಿಸಿ. ಆಮೇಲೆ ಅದನ್ನು ಕಡಿಮೆ ಕರೆಂಟಿನಲ್ಲಿ ಹೇಗೆ ಕೊಡಬಹುದು ನೋಡಿ. ಇದು ಅವರ ದಾರಿ.

ಒಂದು ಕೋಣೆಯ ಬೆಳಕನ್ನೇ ತೆಗೆದುಕೊಳ್ಳಿ. ಹಳೇ 60 ವ್ಯಾಟ್ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕಿನ 9 ವ್ಯಾಟ್ ಎಲ್‌ಇಡಿಗೆ 1.35 ಯೂನಿಟ್. ಹಳೇ ಬಲ್ಬಿನ ಗೆರೆಯನ್ನೇ ಮುಂದಕ್ಕೆ ಎಳೆದವರು 9 ಎಂದು ಬರೆದುಕೊಳ್ಳುತ್ತಾರೆ. ಬೆಳಕು ಎಂದು ಎಣಿಸಿದವರು ಒಂದೂವರೆಗೂ ಕಡಿಮೆ ಬರೆದುಕೊಳ್ಳುತ್ತಾರೆ. ರೆಡ್ಡಿಯವರ ಕಾಲಕ್ಕೆ ಎಲ್‌ಇಡಿ ಬಲ್ಬು ಇನ್ನೂ ಮನೆಗೆ ಬಂದಿರಲಿಲ್ಲ. ಅವರು ಲೆಕ್ಕಕ್ಕೆ ಹಿಡಿದದ್ದು ಸಿಎಫ್‌ಎಲ್, ಬಿಸಿನೀರಿಗೆ ಸೋಲಾರ್ ಹೀಟರ್, ಕರೆಂಟ್ ಒಲೆಯ ಬದಲು ಗ್ಯಾಸು, ನೀರಾವರಿ ಪಂಪುಗಳಿಗೆ ಸರಾಗವಾಗಿ ನೀರೆಳೆಯುವ ಫುಟ್‌ವಾಲ್ವು ಮತ್ತು ಪೈಪು, ಇಂಥವನ್ನು.

1991ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ 2000ಕ್ಕೆ ಬೇಕಿದ್ದದ್ದು ಸುಮಾರು 1,790 ಕೋಟಿ ಯೂನಿಟ್, 4,000 ಮೆಗಾವ್ಯಾಟ್. ಸಮಿತಿಯ ಲೆಕ್ಕದ ಶೇ 40ರ ಆಸುಪಾಸು. ಎಲ್ಲ ಮನೆಗೂ ಕರೆಂಟು ಕೊಡುವುದನ್ನು ಸೇರಿಸಿಯೇ ಇಷ್ಟು.

ಅದೇ ರಾಜ್ಯ, ಅದೇ ಜನ, ಅದೇ ವರ್ಷ. ಕೂಡಿಸು-ಕಳೆಯುವುದರಲ್ಲಿ ಇಬ್ಬರೂ ತಪ್ಪಿರಲಿಲ್ಲ. ಕೇಳಿಕೊಂಡ ಪ್ರಶ್ನೆ ಬೇರೆ ಆಗಿತ್ತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ತಿಳಿದುಕೊಳ್ಳಬೇಕಾದ್ದು ಏನಾದರೂ ಇದ್ದರೆ ಅದು ಇಷ್ಟೇ. ತಜ್ಞರ ಕೈಚಳಕ ಇರುವುದು ಗುಣಾಕಾರದಲ್ಲಿ ಅಲ್ಲ, ಏನನ್ನು ಎಣಿಸಬೇಕು ಎಂದು ಆರಿಸಿಕೊಳ್ಳುವುದರಲ್ಲಿ.

ರೆಡ್ಡಿಯವರ ಸಲಹೆ ಇಡಿಯಾಗಿ ಜಾರಿಗೆ ಬರಲಿಲ್ಲ. ತುಂಡು ತುಂಡಾಗಿ, ತಡವಾಗಿ ಬಂತು. ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ಹೀಟರಿನ ಟ್ಯಾಂಕು ಇವತ್ತು ಕಾಗೆಗಳಷ್ಟೇ ಸಾಮಾನ್ಯ. 2015ರಲ್ಲಿ ಕೇಂದ್ರ ಸರ್ಕಾರ ಉಜಾಲಾ ಯೋಜನೆ ಶುರು ಮಾಡಿ ಕೋಟಿಗಟ್ಟಲೆ ಎಲ್‌ಇಡಿ ಬಲ್ಬು ಹಂಚಿತು. ಒಟ್ಟಿಗೆ ಖರೀದಿ ಮಾಡಿದ್ದರಿಂದ 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ಖರೀದಿ ಬೆಲೆ 2016ಕ್ಕೆ 38 ರೂಪಾಯಿಗೆ ಇಳಿಯಿತು. ಅಮೂಲ್ಯ ರೆಡ್ಡಿ 2006ರಲ್ಲೇ ತೀರಿಕೊಂಡಿದ್ದರು.

## ಮೀಟರಿಲ್ಲದ ಪಂಪ್‌ಸೆಟ್ಟು

ಲೆಕ್ಕಕ್ಕೆ ಬೇಕಾದ ಮೂಲ ಸಂಖ್ಯೆಯೇ ಇಲ್ಲದಿದ್ದರೆ ಏನು ಮಾಡುವುದು? ನಮ್ಮ ರಾಜ್ಯದಲ್ಲಿ ಇದು ದಿನನಿತ್ಯದ ತಲೆನೋವು.

ಕರ್ನಾಟಕದಲ್ಲಿ 30 ಲಕ್ಷಕ್ಕೂ ಜಾಸ್ತಿ ನೀರಾವರಿ ಪಂಪ್‌ಸೆಟ್ ಇವೆ. ಇಲಾಖೆಯವರ ಬಾಯಲ್ಲಿ ಐಪಿ ಸೆಟ್. 10 ಎಚ್‌ಪಿವರೆಗಿನವಕ್ಕೆ ಕರೆಂಟು ಉಚಿತ, ದುಡ್ಡನ್ನು ಸರ್ಕಾರ ಕರೆಂಟು ಹಂಚುವ ಕಂಪನಿಗಳಾದ ಎಸ್ಕಾಂಗಳಿಗೆ ಕಟ್ಟಿಕೊಡುತ್ತದೆ. ಹೆಚ್ಚಿನವಕ್ಕೆ ಮೀಟರ್ ಇಲ್ಲ. ಹಾಗಾಗಿ ಎಷ್ಟು ಯೂನಿಟ್ ಖರ್ಚಾಯಿತು ಎನ್ನುವುದು ಅಂದಾಜು. ಕೆಲವು ಫೀಡರು (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನು), ಕೆಲವು ಟಿಸಿಗಳ (ಟ್ರಾನ್ಸ್‌ಫಾರ್ಮರುಗಳ) ಮೀಟರ್ ಓದಿ, ಅದರಿಂದ ಉಳಿದದ್ದನ್ನು ಲೆಕ್ಕ ಹಾಕುತ್ತಾರೆ.

ಅಂದಾಜು ಸ್ವಲ್ಪ ಆಚೀಚೆ ಆದರೆ ಏನಾಗುತ್ತದೆ? ಸುಮ್ನೆ ಒಂದು ಕಾಗದ ತೆಗೆದುಕೊಂಡು ಮಾಡಿ ನೋಡೋಣ. ಪಂಪು 5 ಎಚ್‌ಪಿಯದು ಎಂದುಕೊಳ್ಳಿ, ಅಂದರೆ 3.73 ಕಿಲೋವ್ಯಾಟ್. 30 ಲಕ್ಷ ಪಂಪು ಒಂದು ಗಂಟೆ ಓಡಿದರೆ 1.12 ಕೋಟಿ ಯೂನಿಟ್. ವರ್ಷಕ್ಕೆ 200 ದಿನ ಓಡುತ್ತವೆ ಎಂದಿಟ್ಟುಕೊಂಡರೆ, ದಿನಕ್ಕೆ ಬರೀ ಒಂದು ಗಂಟೆ ಹೆಚ್ಚು ಹಿಡಿದರೂ 224 ಕೋಟಿ ಯೂನಿಟ್ ವ್ಯತ್ಯಾಸ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 1,500 ಕೋಟಿ ರೂಪಾಯಿಗೂ ಮೇಲೆ. ಇವು ನಿಜವಾದ ಅಂಕಿಗಳಲ್ಲ, ಅಂದಾಜಿನ ತೂಕ ಎಷ್ಟು ಎಂದು ತೋರಿಸಲು ನಾನು ಹಿಡಿದ ಲೆಕ್ಕ.

ಅಷ್ಟು ಯೂನಿಟ್ ಹೊಲಕ್ಕೆ ಹೋಗಿದ್ದರೆ ಸರ್ಕಾರದ ಸಬ್ಸಿಡಿ ಖಾತೆಗೆ. ಹೋಗದೆ ತಂತಿಯಲ್ಲಿ ಸೋರಿದ್ದರೆ, ಕಳ್ಳತನವಾಗಿದ್ದರೆ, ಅದು ಕಂಪನಿಯ ನಷ್ಟದ ಖಾತೆಗೆ. ಒಂದೇ ಯೂನಿಟ್, ಯಾವ ಖಾತೆಗೆ ಬರೆಯುತ್ತೀರಿ ಎನ್ನುವುದರ ಮೇಲೆ ಯಾರು ದುಡ್ಡು ಕೊಡಬೇಕು ಎನ್ನುವುದು ತೀರ್ಮಾನ. ಅದಕ್ಕೇ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ದರ ಆದೇಶಗಳಲ್ಲಿ ಐಪಿ ಸೆಟ್ಟಿಗೆ ಪುಟಗಟ್ಟಲೆ ಜಾಗ. ಹಳ್ಳಿಯ ಮನೆಗಳ ಲೈನು, ಪಂಪಿನ ಲೈನು ಬೇರೆ ಬೇರೆ ಮಾಡುವ ನಿರಂತರ ಜ್ಯೋತಿ ಯೋಜನೆಯಿಂದ ಈ ಅಂದಾಜಿಗೂ ಒಂದು ಲಾಭವಾಯಿತು. ಪಂಪುಗಳೇ ಇರುವ ಫೀಡರಿನ ಮೀಟರನ್ನು ಓದಿದರೆ ಊಹೆ ಕಡಿಮೆ.

ರೆಡ್ಡಿಯವರ ಫುಟ್‌ವಾಲ್ವು ಎಡವಿದ್ದೂ ಇಲ್ಲೇ. ಹೊಸ ವಾಲ್ವಿನಿಂದ ಕರೆಂಟು ಉಳಿಯುತ್ತದೆ, ನಿಜ. ಆದರೆ ಉಚಿತ ಕರೆಂಟು ಉಳಿಸಲು ರೈತ ಕೈಯಿಂದ ದುಡ್ಡು ಯಾಕೆ ಹಾಕುತ್ತಾನೆ? ಯಂತ್ರದ ಲೆಕ್ಕ ಸರಿಯಿತ್ತು, ಮನುಷ್ಯನ ಲೆಕ್ಕ ಅದರೊಳಗೆ ಇರಲಿಲ್ಲ.

## ಚಾರ್ಜರು, ಗೀಸರು ಮತ್ತು ಬ್ರಿಟನ್ನಿನ ಒಬ್ಬ ಮೇಷ್ಟ್ರು

ಇನ್ನೊಂದು ಉದಾಹರಣೆ ದೂರದ್ದು. ಡೇವಿಡ್ ಮೆಕೇ ಕೇಂಬ್ರಿಡ್ಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದರು. ಹಸಿರು ಇಂಧನದ ಚರ್ಚೆಯಲ್ಲಿ 'ಅಪಾರ', 'ಭಾರೀ' ಎಂಬ ಮಾತುಗಳೇ ಜಾಸ್ತಿ, ಸಂಖ್ಯೆ ಕಡಿಮೆ ಎಂದು ಅವರಿಗೆ ಬೇಜಾರು. ಎಲ್ಲವನ್ನೂ ಒಂದೇ ಅಳತೆಗೆ, ಒಬ್ಬರಿಗೆ ದಿನಕ್ಕೆ ಎಷ್ಟು ಯೂನಿಟ್ ಎಂಬ ಅಳತೆಗೆ ಇಳಿಸಿ 2008ರಲ್ಲಿ ಒಂದು ಪುಸ್ತಕ ಬರೆದು, ಅದನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟರು. ಮರುವರ್ಷ ಬ್ರಿಟನ್ ಸರ್ಕಾರ ಅವರನ್ನು ಇಂಧನ ಮತ್ತು ಹವಾಮಾನ ಇಲಾಖೆಯ ಮುಖ್ಯ ವೈಜ್ಞಾನಿಕ ಸಲಹೆಗಾರರಾಗಿ ಕರೆಯಿತು. 2014ರವರೆಗೆ ಅಲ್ಲಿದ್ದರು.

ಅವರಿಗೆ ಮೊಬೈಲ್ ಚಾರ್ಜರಿನ ಉದಾಹರಣೆ ಇಷ್ಟವಾಗಿತ್ತು. ಅದನ್ನು ನಮ್ಮ ಮನೆಗೆ ತಂದು ನೋಡಿ. ಫೋನ್ ಇಲ್ಲದೆ ಸುಮ್ಮನೆ ಸಿಕ್ಕಿಸಿಟ್ಟ ಚಾರ್ಜರು ಅರ್ಧ ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ, ದಿನಕ್ಕೆ 0.012 ಯೂನಿಟ್. 2 ಕಿಲೋವ್ಯಾಟಿನ ಗೀಸರು ಇಷ್ಟನ್ನು 22 ಸೆಕೆಂಡಿನಲ್ಲಿ ಮುಗಿಸುತ್ತದೆ. ಚಾರ್ಜರ್ ತೆಗೆಯಬೇಡಿ ಎಂದಲ್ಲ. ತೆಗೆದ ಪುಣ್ಯಕ್ಕೆ ಹತ್ತು ನಿಮಿಷ ಜಾಸ್ತಿ ಸ್ನಾನ ಮಾಡಿದರೆ ಲೆಕ್ಕ ಎಲ್ಲಿ ಹೋಯಿತು ಎಂಬುದಷ್ಟೇ ಪ್ರಶ್ನೆ.

ಇಲಾಖೆಯಲ್ಲಿ ಅವರ ತಂಡ ಮಾಡಿದ ಮುಖ್ಯ ಕೆಲಸ '2050 ಕ್ಯಾಲ್ಕ್ಯುಲೇಟರ್'. ಕಂಪ್ಯೂಟರ್ ಪರದೆಯ ಮೇಲೆ ಗಾಳಿ, ಅಣು, ಕಾರು, ಮನೆಯ ಬಿಸಿ ಹೀಗೆ ಒಂದೊಂದಕ್ಕೂ ಒಂದು ಮಟ್ಟ ಆರಿಸಬಹುದು. ಆರಿಸಿದ ತಕ್ಷಣ 2050ಕ್ಕೆ ಹೊಗೆ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳು, ಎಷ್ಟು ಇಳಿಯಿತು ಎಂದು ಅದು ತೋರಿಸುತ್ತದೆ. ಅಣುವೂ ಬೇಡ, ಗಾಳಿಯಂತ್ರವೂ ಬೇಡ ಎನ್ನುವವರು ಹಾಗಾದರೆ ಯಾವುದು ಎಂದು ತಾವೇ ಆರಿಸಬೇಕು. ಕೂಡಿಸಿದಾಗ ಮೊತ್ತ ಬರಲೇಬೇಕು, ಮದುವೆ ಖರ್ಚಿನ ಪಟ್ಟಿಯ ಹಾಗೆ. ಇದನ್ನು ನೋಡಿ ಬೇರೆ ದೇಶಗಳೂ ತಮ್ಮದನ್ನು ಮಾಡಿಕೊಂಡವು. ನಮ್ಮ ಯೋಜನಾ ಆಯೋಗ 2014ರಲ್ಲಿ ಸ್ವಾತಂತ್ರ್ಯದ ನೂರನೇ ವರ್ಷವನ್ನು ಗುರಿಯಾಗಿಟ್ಟು 2047ರವರೆಗಿನ ಲೆಕ್ಕದ ಇಂಥದ್ದೇ ಸಾಧನ ಹೊರತಂದಿತು. ಆಮೇಲೆ ಅದು ನೀತಿ ಆಯೋಗದ ಕೈಗೆ ಬಂತು.

## ಮೈಲೇಜು ಹೆಚ್ಚಿದರೂ ಪೆಟ್ರೋಲ್ ಖರ್ಚು ಇಳಿಯದು

ಭಾರತದ ಹವಾಮಾನ ಗುರಿಗಳಲ್ಲಿ ಒಂದು ಹೀಗಿದೆ: 2030ಕ್ಕೆ 'ಹೊರಸೂಸುವಿಕೆಯ ತೀವ್ರತೆ'ಯನ್ನು 2005ಕ್ಕೆ ಹೋಲಿಸಿದರೆ ಶೇ 45 ಇಳಿಸುವುದು. ಇಲ್ಲಿ ತೀವ್ರತೆ ಎಂದರೆ ದೇಶದ ಉತ್ಪನ್ನದ ಪ್ರತಿ ರೂಪಾಯಿಗೆ ಎಷ್ಟು ಹೊಗೆ ಎಂಬುದು. ಬೈಕಿನ ಮೈಲೇಜಿನ ಹಾಗೆ. ಮೈಲೇಜು 40ರಿಂದ 60ಕ್ಕೆ ಏರಿತು, ಆದರೆ ನೀವು ಮೊದಲಿನ ಎರಡರಷ್ಟು ಓಡಾಡಿದಿರಿ. ಪೆಟ್ರೋಲ್ ಖರ್ಚು ಜಾಸ್ತಿಯೇ ಆಯಿತು. ಹಾಗೆಯೇ ತೀವ್ರತೆ ಇಳಿಯುತ್ತಲೇ ದೇಶದ ಒಟ್ಟು ಹೊಗೆ ಏರಬಹುದು. ಒಟ್ಟು ಲೆಕ್ಕದ ಗುರಿ ಬೇರೆ, ಅದು 2021ರಲ್ಲಿ ಗ್ಲ್ಯಾಸ್ಗೋದಲ್ಲಿ ಪ್ರಧಾನಿ ಹೇಳಿದ 2070ರ 'ನೆಟ್ ಜೀರೋ'. ಬಿಟ್ಟ ಹೊಗೆಗೂ ಹೀರಿಕೊಂಡ ಹೊಗೆಗೂ ಸರಿಹೋಗಬೇಕು ಎನ್ನುವುದು.

## ಹುಣಸೆ ಗಿಡದ ಬಡ್ಡಿ

ಹುಣಸೆ ನೆಡುವವರು ತಮಗಾಗಿ ನೆಡುವುದಿಲ್ಲ, ಮೊಮ್ಮಕ್ಕಳಿಗೆ ಎಂದು ನೆಡುತ್ತಾರೆ. ಹವಾಮಾನದ ಖರ್ಚೂ ಹಾಗೇ. ದುಡ್ಡು ಇವತ್ತು ಹಾಕಬೇಕು, ಉಳಿತಾಯ ಐವತ್ತು ವರ್ಷದ ಮೇಲೆ. ಹಾಗಾದರೆ ಐವತ್ತು ವರ್ಷದ ಮೇಲಿನ 1,000 ರೂಪಾಯಿ ನಷ್ಟ ತಪ್ಪಿಸಲು ಇವತ್ತು ಎಷ್ಟು ಖರ್ಚು ಮಾಡಬಹುದು?

ಅರ್ಥಶಾಸ್ತ್ರಜ್ಞರು ಇದಕ್ಕೆ ಬಡ್ಡಿಯನ್ನು ತಿರುಗುಮುರುಗು ಮಾಡುತ್ತಾರೆ. ವರ್ಷಕ್ಕೆ ಶೇ 1.4ರ ದರ ಹಿಡಿದರೆ ಆ ಸಾವಿರ ಇವತ್ತಿಗೆ ಸುಮಾರು 500 ರೂಪಾಯಿಗೆ ಸಮ. ಶೇ 5 ಹಿಡಿದರೆ ಬರೀ 87 ರೂಪಾಯಿ. ಮೊದಲನೆಯದರಲ್ಲಿ ಈಗಲೇ ದುಡಿಯಬೇಕು ಎನ್ನುವ ಉತ್ತರ ಬರುತ್ತದೆ, ಎರಡನೆಯದರಲ್ಲಿ ನಿಧಾನಕ್ಕೆ ಮಾಡೋಣ ಎನ್ನುವ ಉತ್ತರ. 2006ರಲ್ಲಿ ಬ್ರಿಟನ್ ಸರ್ಕಾರಕ್ಕೆ ವರದಿ ಕೊಟ್ಟ ನಿಕೊಲಸ್ ಸ್ಟರ್ನ್ ಹಿಡಿದದ್ದು ಶೇ 1.4. ಮುಂದೆ 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ಆ ದರ ತೀರಾ ಕಡಿಮೆಯಾಯಿತು ಎಂದು ವಾದಿಸಿದರು.

ಈ ಜಗಳ ಗಣಿತದ್ದಲ್ಲ. ಹುಟ್ಟದ ಮಗುವಿನ ಕಷ್ಟ ಇವತ್ತಿನವರ ಕಷ್ಟಕ್ಕೆ ಸಮವೋ, ಕಡಿಮೆಯೋ ಎನ್ನುವ ಜಗಳ. ಆದರೆ ಕೋಷ್ಟಕದಲ್ಲಿ ಅದು ದಶಮಾಂಶ ಬಿಂದು ಇರುವ ಒಂದು ಅಂಕಿಯಾಗಿ, ಸದ್ದಿಲ್ಲದೆ ಕೂತಿರುತ್ತದೆ.

## ಅಂದಾಜು ತಲೆಕೆಳಗಾದದ್ದು

ತಜ್ಞರು ತಪ್ಪಿದ್ದೂ ಉಂಟು. ಸೋಲಾರ್ ಇದಕ್ಕೆ ಹೆಸರುವಾಸಿ. 2010ರ ಹೊತ್ತಿಗೆ ನಮ್ಮಲ್ಲಿ ಸೋಲಾರ್ ಕರೆಂಟಿನ ಹರಾಜು ದರ ಯೂನಿಟ್ಟಿಗೆ 11 ರೂಪಾಯಿಯ ಆಸುಪಾಸು. 2017ರ ಮೇನಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2.44 ರೂಪಾಯಿಗೆ ಬಂತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯಂಥ ದೊಡ್ಡ ಸಂಸ್ಥೆಯೂ ವರ್ಷದ ಮೇಲೆ ವರ್ಷ ಸೋಲಾರಿನ ಬೆಳವಣಿಗೆಯನ್ನು ಕಡಿಮೆಯೇ ಅಂದಾಜು ಮಾಡಿತು. ನಿನ್ನೆಯ ಗೆರೆಯನ್ನೇ ಮುಂದಕ್ಕೆ ಎಳೆಯುವ ಹಳೇ ಚಾಳಿ.

ಇನ್ನೊಂದು ಹಳ್ಳ, ಸರಾಸರಿ. 2023ರಲ್ಲಿ ಮುಂಗಾರು ಕೈಕೊಟ್ಟು ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಅಣೆಕಟ್ಟಿನಲ್ಲಿ ನೀರಿಲ್ಲ, ಹಾಗಾಗಿ ಜಲವಿದ್ಯುತ್ ಕಡಿಮೆ. ಹೊಲಕ್ಕೆ ಮಳೆಯಿಲ್ಲ, ಹಾಗಾಗಿ ಮಳೆಗಾಲದಲ್ಲಿ ಸುಮ್ಮನಿರಬೇಕಿದ್ದ ಪಂಪುಗಳೆಲ್ಲ ಓಡತೊಡಗಿದವು. ಅಕ್ಟೋಬರಿನಲ್ಲಿ ಲೋಡ್ ಶೆಡ್ಡಿಂಗ್. ಸರಾಸರಿ ಮಳೆ, ಸರಾಸರಿ ಬೇಡಿಕೆ ಎಂದು ಎರಡನ್ನೂ ಬೇರೆ ಬೇರೆ ಹಿಡಿದರೆ ಈ ತಿಂಗಳು ಕಾಗದದ ಮೇಲೆ ಕಾಣುವುದೇ ಇಲ್ಲ. ಒಂದೇ ಕಾರಣ ಎರಡೂ ಕಡೆ ಹೊಡೆಯುತ್ತದೆ ಎನ್ನುವುದನ್ನು ಲೆಕ್ಕಕ್ಕೆ ಸೇರಿಸುವುದು ಈಗ ಈ ಕೆಲಸದ ದೊಡ್ಡ ಭಾಗ.

## ಶರಾವತಿಯ ಎರಡು ಕಾಲಂ

ಸಂಜೆಯ ಕೊರತೆಗೆ ಈಗ ಹೇಳುತ್ತಿರುವ ಒಂದು ಉಪಾಯ ಪಂಪ್ಡ್ ಸ್ಟೋರೇಜ್. ಮಧ್ಯಾಹ್ನದ ಅಗ್ಗದ ಸೋಲಾರ್ ಕರೆಂಟಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆ ಎತ್ತಿಡುವುದು, ಸಂಜೆ ಕೆಳಗೆ ಬಿಟ್ಟು ಕರೆಂಟು ಮಾಡುವುದು. 100 ಯೂನಿಟ್ ಹಾಕಿದರೆ 75-80 ವಾಪಸು ಬರುತ್ತದೆ. ಉಳಿದದ್ದು ಬಾಡಿಗೆ ಎಂದುಕೊಳ್ಳಿ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಇಂಥ 2,000 ಮೆಗಾವ್ಯಾಟ್ ಯೋಜನೆಯ ಪ್ರಸ್ತಾವ ಇದೆ. ಆ ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ ಬರುವುದರಿಂದ ಮಲೆನಾಡಿನಲ್ಲಿ ವಿರೋಧವೂ ಇದೆ.

ಇಲ್ಲಿ ಲೆಕ್ಕದವರು ಏನು ಹೇಳಬಲ್ಲರು? ಸಂಜೆ ಎಷ್ಟು ಮೆಗಾವ್ಯಾಟ್ ಸಿಗುತ್ತದೆ, ಅಷ್ಟನ್ನೇ ಬ್ಯಾಟರಿಯಿಂದ ಪಡೆದರೆ ಖರ್ಚೆಷ್ಟು, ಎಷ್ಟು ಹೆಕ್ಟೇರ್ ಕಾಡು, ಎಷ್ಟು ಮರ, ಇಷ್ಟನ್ನು ಹೇಳಬಲ್ಲರು. ಒಂದು ಸಿಂಗಳೀಕದ ಗುಂಪಿಗೆ ಎಷ್ಟು ಯೂನಿಟ್ ಸಮ ಎನ್ನುವ ಕಾಲಂ ಅವರ ಕೋಷ್ಟಕದಲ್ಲಿ ಇಲ್ಲ. ಅದನ್ನು ತೀರ್ಮಾನಿಸಬೇಕಾದವರು ಬೇರೆ. ಆದರೆ ಮೊದಲ ಕಾಲಂ ಇಲ್ಲದೆ ಎರಡನೆಯದರ ಚರ್ಚೆ ಬರೀ ದನಿ ಏರಿಸುವ ಚರ್ಚೆಯಾಗುತ್ತದೆ.

ಈ ಕೋಷ್ಟಕಗಳು ಗುಟ್ಟಿನವಲ್ಲ. ದರ ಏರಿಸಲು ಎಸ್ಕಾಂಗಳು ಹಾಕುವ ಅರ್ಜಿ ನಿಯಂತ್ರಣ ಆಯೋಗದ ಮುಂದೆ ಬಹಿರಂಗವಾಗಿ ಬರುತ್ತದೆ. ಯಾರು ಬೇಕಾದರೂ ಬರವಣಿಗೆಯಲ್ಲಿ ಆಕ್ಷೇಪ ಕೊಡಬಹುದು, ಬಹಿರಂಗ ವಿಚಾರಣೆಯಲ್ಲಿ ಎದ್ದು ನಿಂತು ಕೇಳಬಹುದು. ಹೋದ ವಾರ ಅಂಥ ಒಂದು ಅರ್ಜಿಯ ಕೆಲವು ಪುಟ ಪ್ರಿಂಟು ಮಾಡಿಸಿ ಗಿರಣಿಗೆ ಒಯ್ದಿದ್ದೆ. ಅಣ್ಣ ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡು ಐಪಿ ಸೆಟ್ಟಿನ ಸಾಲಿನ ಮೇಲೆ ಬೆರಳಿಟ್ಟರು.

"ಇಷ್ಟು ಕೋಟಿ ಯೂನಿಟ್ ಅಂತ ಬರ್ದವ್ರಲ್ಲ ಸಾರ್, ಮೀಟರೇ ಇಲ್ದೆ ಇದ್ಮೇಲೆ ಯಾವ ಊರಿನ ಪಂಪು ಎಷ್ಟೊತ್ತು ಓಡ್ತು ಅಂತ ಯಾರನ್ನ ಕೇಳಿದ್ರಂತೆ?"

ಮುಂದಿನ ಪುಟದಲ್ಲಿ ಫೀಡರುಗಳ ಪಟ್ಟಿ ಇತ್ತು. ಇಬ್ಬರೂ ನಮ್ಮೂರಿನ ಹೆಸರು ಹುಡುಕುತ್ತಾ ಕೂತೆವು.